ಇಕ್ಕೇರಿಯಲ್ಲಿ ಬೇಡಿ ತೊಟ್ಟ ಅರಸ

ಸಾಗರದಿಂದ ಬಂದ ಆಟೋ ನಿಮ್ಮನ್ನು ಅಘೋರೇಶ್ವರ ದೇವಸ್ಥಾನದ ಎದುರು ಇಳಿಸಿ ಹೊರಟಿದೆ. ನಂದಿಮಂಟಪ ದಾಟಿ, ಚಪ್ಪಲಿ ಬಿಟ್ಟು, ಉತ್ತರದ ಬಾಗಿಲಿಂದ ಒಳಗೆ ಬನ್ನಿ. ಬಿಸಿಲಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣದು. ಅಂಗಾಲಿಗೆ ಕಲ್ಲಿನ ತಂಪು ತಾಗುತ್ತದೆ. ಮೆಲ್ಲಗೆ ಕಂಬಗಳು ತೋರುತ್ತವೆ. ನಡುಗಂಬಗಳ ಈ ಅಂತರವೇ, ಅಂದರೆ 18 ಅಡಿ 6 ಅಂಗುಲ, ಹಿಂದೆ ಅಡಿಕೆ ತೋಟ ಅಳೆಯುವ ಕೋಲಿನ ಉದ್ದವಾಗಿತ್ತು. ಒಂದು ಕೋಲಿನ ಚೌಕಕ್ಕೆ ನಾಲ್ಕು ಮರ.

"ಕಾಲು ನೋಡಿ ಇಡಿ, ಅಲ್ಲಿ ಅರಸರಿದ್ದಾರೆ" ಎನ್ನುತ್ತಾರೆ ಅರ್ಚಕರು.

ಬಗ್ಗಿ ನೋಡಿ. ಗರ್ಭಗುಡಿಯ ಎದುರು, ನೆಲಗಲ್ಲಿನಲ್ಲೇ, ಕೆಳದಿಯ ಮೂವರು ನಾಯಕರು ದೇವರಿಗೆ ಅಡ್ಡಬಿದ್ದಿದ್ದಾರೆ. ತಲೆಯ ಮೇಲ್ಗಡೆ ಅವರವರ ಹೆಸರು ಕೆತ್ತಿದೆ. ಅವರಲ್ಲೊಬ್ಬ ಹುಚ್ಚ ಸೋಮಶೇಖರ. ಇನ್ನೂ ಹತ್ತಿರ ಕೂತು ನೋಡಿ: ಕೈಗೆ ಬೇಡಿ, ಕಾಲಿಗೆ ಸಂಕೋಲೆ. 1672ರಿಂದ ರಾಜ್ಯವಾಳಿದ ಚೆನ್ನಮ್ಮನ ಗಂಡ. ಕೊನೆಗಾಲದಲ್ಲಿ ಬುದ್ಧಿ ಕೆಟ್ಟಿತ್ತು. ಆ ಸಂಕೋಲೆಯನ್ನು ಶಿಲ್ಪಿ ಕೆತ್ತದೆ ಬಿಡಬಹುದಿತ್ತು. ಬಿಡಲಿಲ್ಲ.

ನನಗೆ ಇಲ್ಲಿ ನೆನಪಾಗುವವನು ಇಟಲಿಯ ಉರ್ಬಿನೊದ ದೊರೆ ಫೆಡೆರಿಕೊ. ಕುದುರೆಯೇರಿ ಭರ್ಜಿ ಹಿಡಿದಾಡುವ ಪಂದ್ಯದಲ್ಲಿ ಬಲಗಣ್ಣು ಕಳಕೊಂಡವನು. ರೆನೆಸಾನ್ಸ್ ಕಾಲದ ಕಲಾವಿದ ಪಿಯೆರೊ ದೆಲ್ಲ ಫ್ರಾಂಚೆಸ್ಕ ಅವನ ಭಾವಚಿತ್ರ ಬರೆದಾಗ ಎಡಮಗ್ಗುಲನ್ನಷ್ಟೇ ತೋರಿಸಿದ. ಮುರಿದ ಮೂಗು ಉಂಟು, ಹೋದ ಕಣ್ಣು ಕಾಣದು. ಚಿತ್ರ ಈಗ ಫ್ಲಾರೆನ್ಸಿನ ಉಫಿಜಿ ಗ್ಯಾಲರಿಯಲ್ಲಿದೆ. ಜಗತ್ತೇ ಹೋಗಿ ನೋಡುತ್ತದೆ. ಅದು ಅಪೂರ್ವ ಚಿತ್ರವೇ ಹೌದು. ಆದರೂ ಇಕ್ಕೇರಿಯ ಈ ಅನಾಮಿಕ ಶಿಲ್ಪಿಯ ಎದೆಗಾರಿಕೆ ದೊಡ್ಡದು ಎಂದೇ ನಾನು ಹೇಳುತ್ತೇನೆ. ಅರಸನ ಮುಖ ನಮ್ಮ ಕಡೆಗಿಲ್ಲ, ದೇವರ ಕಡೆಗಿದೆ. ಅಲ್ಲಿ ಮುಚ್ಚಿಡುವುದೇನು?

1623ರಲ್ಲಿ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಇದೇ ಊರಿಗೆ ಬಂದಿದ್ದ. ವೆಂಕಟಪ್ಪ ನಾಯಕನ ಆಸ್ಥಾನ, ಈ ಗುಡಿ, ಬೀದಿಯ ಮೆರವಣಿಗೆ ಎಲ್ಲವನ್ನೂ ಕಂಡು ಇಟಲಿಗೆ ಕಾಗದ ಬರೆದ. ಸೋಮಶೇಖರ ಪಟ್ಟಕ್ಕೆ ಬರಲು ಆಗಿನ್ನೂ ನಾಲ್ಕು ದಶಕ ಬಾಕಿ. ಈ ಕೆತ್ತನೆಯೊಂದನ್ನು ಆ ಪ್ರವಾಸಿ ಕಾಣಬೇಕಿತ್ತು, ಅಂಥ ಭಾವಚಿತ್ರಗಳ ನಾಡಿನಿಂದ ಬಂದವನು.

ಗಂಟೆ ಬಾರಿಸಿತು, ಏಳಿ. ಜನ ಅರಸರನ್ನು ಬಳಸಿಕೊಂಡು ಮುಂದೆ ಬರುತ್ತಿದ್ದಾರೆ. ಮಂಗಳಾರತಿ ತಟ್ಟೆ ನಿಮ್ಮತ್ತ ಬಂತು, ಕೈ ಚಾಚಿ.