ಬೇಡ್ತಿಯ ಜಾಡಿನಲ್ಲಿ ಕಡಲಿನವರೆಗೆ

ಗದಗ-ಬೆಟಗೇರಿಯ ಎರೆನೆಲದವರಾದ ನಮಗೆ ಕಡಲೆಂಬುದು ಬಹುಮಟ್ಟಿಗೆ ಕಾವ್ಯಗಳಲ್ಲಿ ಓದಿ ಬಲ್ಲ ವಸ್ತು. ನದಿಯು ವಧುವೆಂದೂ ಸಮುದ್ರವು ಪತಿಯೆಂದೂ ಎಷ್ಟೋ ವರ್ಷ ಹುಡುಗರಿಗೆ ಪಾಠ ಹೇಳಿದೆನಾದರೂ, ಅವರಿಬ್ಬರೂ ಕೂಡುವ ಸ್ಥಳವನ್ನು ಕಣ್ಣಾರೆ ಕಂಡಿರಲಿಲ್ಲ. ಕಳೆದ ಪುಷ್ಯಮಾಸದಲ್ಲಿ ಗೃಹಿಣಿಯೊಡನೆ ಹೊರಟು ಆ ಕೊರತೆಯನ್ನು ನೀಗಿಕೊಂಡೆನು.

ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯೂ ಹುಬ್ಬಳ್ಳಿಯ ಕಡೆಯಿಂದ ಬರುವ ಹಳ್ಳವೂ ಕಲಘಟಗಿಯ ಸೀಮೆಯಲ್ಲಿ ಕೂಡಿ ಬೇಡ್ತಿಯಾಗುತ್ತವೆ. ಆದುದರಿಂದ ಈ ಹೊಳೆಯು ನಮಗೆ ನೆರೆಮನೆಯವಳೇ ಸರಿ. ಯಲ್ಲಾಪುರವನ್ನು ದಾಟಿ ಮಾಗೋಡಿನಲ್ಲಿ ನೋಡಿದರೆ ಗುರುತೇ ಸಿಗದು! ಸುಮಾರು 200 ಮೀಟರು ಆಳಕ್ಕೆ ಎರಡು ಹಂತವಾಗಿ ಧುಮುಕಿ, ಕಾಡಿನೊಳಗೆ ಅಡಗಿಬಿಡುತ್ತಾಳೆ. ಜೇನುಕಲ್ಲು ಗುಡ್ಡಕ್ಕೆ ನಡೆದುಹೋಗಿ ಸಂಜೆಯವರೆಗೆ ಕುಳಿತೆವು. ಕೆಳಗಿನ ಕಣಿವೆಯಲ್ಲಿ ನೀರು ಬೆಳ್ಳಿಯ ಎಳೆಯಂತೆ ಕಾಣುತ್ತಿತ್ತು. ಅರಬೈಲು ಘಟ್ಟದ ತಿರುವುಗಳ ವರ್ಣನೆಯನ್ನು ಮಾಡಲಾರೆ. ನಾನು ಕಣ್ಣು ಮುಚ್ಚಿಕೊಂಡಿದ್ದೆನು.

1930ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಅಂಕೋಲೆಯಿಂದ ಮಂಜಗುಣಿಗೆ ಹೋದೆವು. ಇಲ್ಲಿ ಬೇಡ್ತಿಗೆ ಗಂಗಾವಳಿಯೆಂದು ಹೆಸರು. ದೋಣಿಯಲ್ಲಿ ಕುಳಿತಾಗ ಉಬ್ಬರದ ಹೊತ್ತು. ನೀರು ಪೂರ್ವಕ್ಕೆ, ಅಂದರೆ ಬಂದ ದಾರಿಗೇ ಹಿಂದಿರುಗಿ ಹರಿಯುತ್ತಿತ್ತು! ಪತಿಯೇ ದಿನಕ್ಕೆರಡು ಸಲ ತವರಿಗೆ ಬಂದು ಕರೆಯುವನೆಂಬುದನ್ನು ನನ್ನ ಪಾಠದಲ್ಲಿ ನಾನು ಹೇಳಿರಲೇ ಇಲ್ಲ.

ಗದಗಿನವರೆಂದು ತಿಳಿದೊಡನೆ ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿದನು. "ಹಾಗಾದರೆ ನಮ್ಮ ಹೊಳೆಯ ನೀರನ್ನು ಒಯ್ಯುವವರು ನೀವೇ ಏನು, ಮಾಸ್ತರೇ?" ಎಂದನು.

ಬೇಡ್ತಿಯ ನೀರನ್ನು ವರದೆಗೆ ತಿರುಗಿಸಿ ಹಾವೇರಿ, ಗದಗ, ರಾಯಚೂರು ಸೀಮೆಗಳಿಗೆ ಒದಗಿಸುವ ಯೋಜನೆಯ ಮಾತದು. ಮೇಲಿನಿಂದ ಸಿಹಿನೀರು ತಗ್ಗಿದರೆ ಉಪ್ಪುನೀರು ಇನ್ನೂ ಒಳಗೇರಿ ಬಾವಿಗಳನ್ನೂ ಗದ್ದೆಗಳನ್ನೂ ಕೆಡಿಸುವುದೆಂದು ಅವನ ಭಯ. 2024ರ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದು ಈ ಹೊಳೆಗೇ ಬಿದ್ದುದನ್ನೂ, ಎದುರು ದಡದ ಉಳುವರೆಗೆ ನೀರು ನುಗ್ಗಿದುದನ್ನೂ ಹೇಳಿದನು. "ಹೊಳೆಯನ್ನು ಕೆಣಕಬಾರದು ನೋಡಿ" ಎಂದನು.

ಮುಂಡರಗಿ, ಶಿರಹಟ್ಟಿಗಳ ಬತ್ತಿದ ಕೆರೆಗಳನ್ನು ಬಲ್ಲವನು ನಾನು. ಒಂದು ಕೊಡದ ನೀರಿಗೆ ಹೊಲಗಳನ್ನು ದಾಟಿ ಹೋಗುತ್ತಿದ್ದವರನ್ನು ಕಂಡಿದ್ದೇನೆ. ನೀರು ಬರಲೆಂದು ನಾನೂ ಹಾರೈಸಿದವನೇ. ಅವನಿಗೆ ಹಾಗೆನ್ನಲು ಬಾಯಿ ಬರಲಿಲ್ಲ, ಹಾರೈಸಲಿಲ್ಲವೆಂದರೆ ಸುಳ್ಳಾಗುತ್ತಿತ್ತು. ಗೃಹಿಣಿಯು ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ತಾಕಿಸಿ, "ಉಪ್ಪು" ಎಂದಳು. ದೋಣಿಯವನು ನಕ್ಕು ಮತ್ತೆ ಹುಟ್ಟು ಹಾಕಿದನು.

ಮೂರನೆಯ ದಿನ ಊರಿಗೆ ಮರಳಿದೆವು. ಅದೃಷ್ಟಕ್ಕೆ ಅಂದೇ ನಲ್ಲಿ ಬಂದಿತ್ತು. ಸೆರಗು ಸಿಕ್ಕಿಸಿ ಕೊಡಗಳನ್ನು ಸಾಲಾಗಿ ಇಡುತ್ತಿದ್ದ ಗೃಹಿಣಿಯು ಒಮ್ಮೆ ನನ್ನ ಕಡೆ ನೋಡಿದಳು. ನಾನು ಹೋಗಿ ತುಂಬಿದ ಕೊಡವನ್ನು ಎತ್ತಿಕೊಟ್ಟೆನು.