ಕೆಲಸದೆಡೆಯಲ್ಲಿ ದೇಹಪರೀಕ್ಷೆ

ರೋಗವು ಬಂದ ಮೇಲೆ ವೈದ್ಯನಲ್ಲಿಗೆ ಹೋಗತಕ್ಕದ್ದು ನಮ್ಮ ನಾಡಿನ ವಾಡಿಕೆ. ರೋಗದ ಸುಳಿವೇ ಇಲ್ಲದವನನ್ನು ಹುಡುಕಿಕೊಂಡು, ಅದೂ ಅವನು ದುಡಿಯುತ್ತಿರುವ ಎಡೆಗೇ, ವೈದ್ಯನು ಬರುವನೆಂದು ಯಾರಾದರೂ ಹೇಳಿದ್ದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು. ಈಗ ಅದು ಅಲ್ಲಲ್ಲಿ ನಡೆಯುತ್ತಲಿದೆ. ಇದರಿಂದಾಗುವ ಪ್ರಯೋಜನವೆಷ್ಟು, ಪ್ರಯೋಜನವಾಗಬೇಕಾದರೆ ಮನೆಯವರು ಮಾಡತಕ್ಕುದೇನು ಎಂಬುದನ್ನು ನಮಗೆ ತೋರಿದಷ್ಟು ವಾಚಕರ ಮುಂದಿಡುತ್ತೇವೆ.

ನಾವು ವಾಸಮಾಡುವ ಆಲ್ಕೊಳವು ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿದೆ. ಒಂದು ಕಾಲಕ್ಕೆ ಊರ ಹೊರಗಿನ ಹಳ್ಳಿಯಾಗಿದ್ದುದು ಇಂದು ನಗರದಲ್ಲಿಯೇ ಸೇರಿಹೋಗಿದೆ. ಬೆಳಗಿನ ಹೊತ್ತು ಹೆದ್ದಾರಿಯ ಕಡೆಗೆ ಹೊರಟರೆ ಲಾರಿ, ಬಸ್ಸು, ಟ್ರಾಕ್ಟರುಗಳನ್ನು ಬಿಚ್ಚಿ ಹರವಿಕೊಂಡ ಗ್ಯಾರೇಜುಗಳು, ಬೆಸುಗೆಯ ಅಂಗಡಿಗಳು, ಬಣ್ಣ ಸಿಂಪಡಿಸುವ ಶೆಡ್ಡುಗಳು ಕಣ್ಣಿಗೆ ಬೀಳುತ್ತವೆ. ಒಂದೊಂದರಲ್ಲಿಯೂ ಮೂರು ನಾಲ್ಕು ಜನ; ದೊಡ್ಡದಾದರೆ ಹದಿನೈದು ಜನ. ಅಂಥ ದೊಡ್ಡದೊಂದರಲ್ಲಿ ಕೆಲವು ತಿಂಗಳ ಕೆಳಗೆ ಒಂದು ದಿನ ಯಜಮಾನರು ದೇಹಪರೀಕ್ಷೆಯ ಏರ್ಪಾಡನ್ನು ಮಾಡಿಸಿದ್ದರು. ತಗಡಿನ ಮಾಡಿನ ಕೆಳಗೆ ಒಂದು ಮೇಜು, ಎರಡು ಕುರ್ಚಿ, ತೂಕದ ಯಂತ್ರ, ರಕ್ತದೊತ್ತಡ ಅಳೆಯುವ ಉಪಕರಣ, ಬೆರಳಿನ ತುದಿಯಿಂದ ತೊಟ್ಟು ರಕ್ತವನ್ನು ತೆಗೆದು ಸಕ್ಕರೆಯನ್ನು ಹೇಳುವ ಪುಟ್ಟ ಯಂತ್ರ, ಇಷ್ಟೇ ಸಾಮಗ್ರಿ. ನೆರೆಯವರೆಂಬ ಸಲಿಗೆಯಿಂದ ನಾವೂ ಹೋಗಿ ಕುಳಿತಿದ್ದೆವು.

ಇಂಥ ಪರೀಕ್ಷೆಯು ಬೇಕಾದದ್ದೇ ಎಂಬುದರಲ್ಲಿ ಸಂದೇಹವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಮೇರೆಗೆ ನಮ್ಮಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ. ಪ್ರಾಯದವರಲ್ಲಿ ನೂರಕ್ಕೆ 35 ಮಂದಿಗೆ ಏರಿದ ರಕ್ತದೊತ್ತಡ. ಇವೆರಡೂ ಸದ್ದಿಲ್ಲದೆ ಬರುವ ರೋಗಗಳು. ಹಲ್ಲುನೋವು ಬಂದವನು ಆ ದಿನವೇ ವೈದ್ಯನನ್ನು ಕಾಣುತ್ತಾನೆ. ರಕ್ತದೊತ್ತಡ ಏರಿದವನು ಹತ್ತು ವರ್ಷ ಸುಮ್ಮನೆ ಸುತ್ತಿಗೆ ಬೀಸುತ್ತಿರುತ್ತಾನೆ. ಅವನಾಗಿಯೇ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಆದುದರಿಂದ ಅವನಿದ್ದಲ್ಲಿಗೇ ಯಂತ್ರವು ಬಂದರೆ ಒಳ್ಳೆಯದೇ.

ಆದರೆ ಆ ದಿನ ನಮ್ಮ ಕಣ್ಣಿಗೆ ಬಿದ್ದ ಒಂದೆರಡು ಸಂಗತಿಗಳನ್ನು ಹೇಳದಿರಲಾರೆವು. ಲಾರಿಯ ಕೆಳಗೆ ಅಂಗಾತ ಮಲಗಿ ಬೋಲ್ಟು ಬಿಗಿಯುತ್ತಿದ್ದ ಹುಡುಗನನ್ನು ಕೂಗಿ ಕರೆದರು. ಅವನು ಕೈಯೊರಸಿಕೊಳ್ಳುತ್ತ ಓಡಿಬಂದ. ಕುಳಿತ ಮರುಕ್ಷಣವೇ ತೋಳಿಗೆ ಪಟ್ಟಿ ಸುತ್ತಿದರು. ಹೀಗೆ ಅಳೆದರೆ ಯಾರ ಒತ್ತಡವಾದರೂ ಏರಿಯೇ ಇರುತ್ತದೆ. ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು ಮಾತನಾಡದೆ ಕುಳಿತಿರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು. ಅದಕ್ಕೆ ಮುಂಚೆ ಅರ್ಧಗಂಟೆ ಚಹಾ, ಬೀಡಿ ಮುಟ್ಟಿರಬಾರದು. ಹಾಗಿದ್ದೂ ಒಂದು ಸಲದ ಅಂಕಿಯಿಂದ ರೋಗವಿದೆಯೆಂದು ತೀರ್ಮಾನಿಸುವಂತಿಲ್ಲ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140ರ ಮೇಲೆ 90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ವೈದ್ಯರು ಅದನ್ನು ರೋಗವೆನ್ನುತ್ತಾರೆ. ಮನೆಗೆ ಚೀಟಿ ತಂದವನನ್ನು ಕಂಡು ಹೆಂಡತಿ ಮಕ್ಕಳು ಕಂಗೆಡಬೇಕಾಗಿಲ್ಲ. ಚೀಟಿಯನ್ನು ಗೂಡಿನಲ್ಲಿಟ್ಟು ಮರೆಯಲೂಬಾರದು.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಮೇಜಿನ ಮೇಲಿದ್ದ ಉಪಕರಣಗಳೆಲ್ಲ ಗುಮಾಸ್ತನಿಗೂ ಅರ್ಚಕನಿಗೂ ಬೆಸುಗೆಯವನಿಗೂ ಸಮಾನವಾಗಿ ಬರತಕ್ಕ ರೋಗಗಳನ್ನು ಹುಡುಕುವಂಥವು. ಆ ಕೆಲಸವೇ ಆ ಮನುಷ್ಯನಿಗೆ ತಂದೊಡ್ಡುವ ರೋಗವನ್ನು ಹುಡುಕುವ ಉಪಕರಣ ಒಂದೂ ಇರಲಿಲ್ಲ. ಇಟಲಿಯ ರಮಜ್ಜೀನಿ ಎಂಬ ವೈದ್ಯನು 1700ರಲ್ಲಿಯೇ ಕಸುಬುದಾರರ ರೋಗಗಳ ಮೇಲೆ ಒಂದು ಗ್ರಂಥವನ್ನು ಬರೆದು, ರೋಗಿಯನ್ನು ಕೇಳುವ ಪ್ರಶ್ನೆಗಳಲ್ಲಿ ‘ನಿನ್ನ ಕಸುಬು ಯಾವುದು?’ ಎಂಬುದನ್ನೂ ಸೇರಿಸಬೇಕೆಂದು ವಿಧಿಸಿದನು. ನಮ್ಮ ನಾಡಿನಲ್ಲಿ ಇದರ ಬೆಲೆ ತಿಳಿದದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. ಬಂಡೆಯ ನುಣುಪು ಧೂಳು ಶ್ವಾಸಕೋಶದಲ್ಲಿ ಕುಳಿತು ಅದನ್ನು ನಾರುಗಟ್ಟಿಸುವ ಸಿಲಿಕೋಸಿಸ್ ಎಂಬ ರೋಗವು ಭಾರತದಲ್ಲಿ ಮೊದಲು ವರದಿಯಾದದ್ದು ಅಲ್ಲಿಂದ, 1947ರಲ್ಲಿ, ಎಂದು ವೈದ್ಯಗ್ರಂಥಗಳು ಹೇಳುತ್ತವೆ. 2001ರಲ್ಲಿ ಗಣಿಗಳು ಮುಚ್ಚಿದರೂ ರೋಗವು ಮುಚ್ಚಲಿಲ್ಲ. ಎರಕದ ಅಚ್ಚಿಗೆ ಬಳಸುವ ಮರಳಿನಲ್ಲಿಯೂ ಇರುವುದು ಅದೇ ಸಿಲಿಕ. 1923ರಲ್ಲಿ ಕುಲುಮೆ ಹೊತ್ತಿಸಿಕೊಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ ಹಿಡಿದು ಶಿವಮೊಗ್ಗೆ ಭದ್ರಾವತಿಗಳ ನಡುವಣ ಮಾಚೇನಹಳ್ಳಿಯ ಎರಕದ ಮನೆಗಳ ವರೆಗೆ ನಮ್ಮ ಸೀಮೆಯವರು ಮೂರು ನಾಲ್ಕು ತಲೆಮಾರಿನಿಂದ ಬೆಂಕಿ, ಕಬ್ಬಿಣ, ಮರಳುಗಳೊಡನೆ ಬಾಳುತ್ತಿದ್ದಾರೆ. ಇವರಿಗೆ ಎದೆಯ ಕ್ಷಕಿರಣ ಚಿತ್ರವೂ ಉಸಿರಿನ ಬಲವನ್ನು ಅಳೆಯುವ ಪರೀಕ್ಷೆಯೂ ಸಕ್ಕರೆಯ ಪರೀಕ್ಷೆಗಿಂತ ಮೊದಲು ಆಗತಕ್ಕವು.

ಕಿವಿಯ ಮಾತೂ ಹಾಗೆಯೇ. ದಿನವೂ ತಗಡು ಬಡಿಯುವವನ ಕಿವಿ ಒಮ್ಮೆಗೇ ಕೆಡುವುದಿಲ್ಲ. ಸೆಕೆಂಡಿಗೆ 4000 ಕಂಪನಗಳ ಆಸುಪಾಸಿನ ತೀಕ್ಷ್ಣಸ್ವರಗಳು ಮೊದಲು ಮಾಸುತ್ತವೆ. ಮಾತು ಕೇಳಿಸುತ್ತದೆ, ಆದರೆ ಸಕಾರ ಶಕಾರಗಳು ಕಲಸಿಹೋಗುತ್ತವೆ. ಇದು ಮೊದಲು ಗೊತ್ತಾಗುವುದು ಮಡದಿಗೆ. ‘ಇವರು ಈಚೆಗೆ ಕರೆದರೂ ಓಗೊಡುವುದಿಲ್ಲ, ಟೀವಿಯನ್ನು ಬೀದಿಗೆಲ್ಲ ಕೇಳುವಂತೆ ಇಡುತ್ತಾರೆ’ ಎಂದು ಆಕೆ ದೂರುತ್ತಾಳೆ. ಅವನು ಅದನ್ನು ಜಗಳವೆಂದು ತಿಳಿಯುತ್ತಾನೆ! ಹೋದ ಕಿವಿ ಮರಳಿ ಬಾರದು, ಉಳಿದುದನ್ನು ಉಳಿಸಿಕೊಳ್ಳಬಹುದು.

ಇಷ್ಟು ಹೇಳಿದ ಮೇಲೆ ಮುಖ್ಯವಾದ ಮಾತಿಗೆ ಬರುತ್ತೇವೆ. ಪರೀಕ್ಷೆಯ ಚೀಟಿಯು ಯಾರ ಸ್ವತ್ತು?

ಆ ಪರೀಕ್ಷೆ ಮುಗಿದ ಎರಡು ವಾರಕ್ಕೆ ನಮ್ಮ ಹಿಂದಿನ ಬೀದಿಯ ಹೆಣ್ಣುಮಗಳೊಬ್ಬಳು ಮಡಿಸಿದ ಚೀಟಿಯೊಂದನ್ನು ಹಿಡಿದು ನಮ್ಮ ಮನೆಗೆ ಬಂದಳು. ಗಂಡನು ಬೆಸುಗೆಯ ಕೆಲಸದವನು. ಊಟದ ಡಬ್ಬಿಯ ಚೀಲವನ್ನು ಒಗೆಯಲು ತೆಗೆದಾಗ ಅದರ ತಳದಲ್ಲಿ ಈ ಚೀಟಿ ಸಿಕ್ಕಿತಂತೆ. “ಅಕ್ಕಾ, ಇದರಲ್ಲಿ ಕೆಂಪು ಗೀಟು ಎಳೆದಿದ್ದಾರೆ. ಏನೆಂದು ಸ್ವಲ್ಪ ಓದಿ ಹೇಳಿ” ಎಂದು ನಮ್ಮ ಮನೆಯಾಕೆಯ ಕೈಗೆ ಕೊಟ್ಟಳು. 178ರ ಮೇಲೆ 112 ಎಂದಿತ್ತು. ಸಂಜೆ ಆತನೇ ಬಂದ. ಹೆಂಡತಿಯ ಮೇಲೆ ಸಿಟ್ಟು ಮಾಡಿಕೊಂಡೇ ಬಂದವನು ಕುಳಿತು ಮಾತನಾಡುತ್ತ ಮೆತ್ತಗಾದ. “ನೋಡಿ ರಾಯರೇ, ಮಾಡಿನ ಮೇಲೆ ಹತ್ತಿ ಮಾಡುವ ಕೆಲಸಕ್ಕೆ ದಿನಕ್ಕೆ ಇನ್ನೂರು ಹೆಚ್ಚು ಕೊಡುತ್ತಾರೆ. ಈ ಚೀಟಿ ಗುತ್ತಿಗೆದಾರನ ಕಣ್ಣಿಗೆ ಬಿದ್ದರೆ ನನ್ನನ್ನು ಕೆಳಗೇ ಬಿಡುತ್ತಾನೆ. ಕೆಳಗೆ ಕೆಲಸವಿಲ್ಲದ ದಿನ ಮನೆಗೇ ಕಳಿಸುತ್ತಾನೆ. ಮಗಳ ಕಾಲೇಜಿನ ಫೀಜು ಯಾರು ಕೊಡುತ್ತಾರೆ?” ಎಂದ.

ಅವನ ಮಾತಿಗೆ ಥಟ್ಟನೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ. ಅಷ್ಟು ಒತ್ತಡವಿರುವವನು ಮೂವತ್ತು ಅಡಿ ಮೇಲೆ ನಿಂತು ಬೆಸೆಯುವುದು ಅವನಿಗೂ ಕೆಳಗಿರುವವರಿಗೂ ಅಪಾಯ. ಗುತ್ತಿಗೆದಾರನು ಅವನನ್ನು ಇಳಿಸಿದರೆ ಅದನ್ನು ಕ್ರೌರ್ಯವೆನ್ನಲಾಗದು. ಆದರೆ ಕೂಲಿಯನ್ನು ಕಳೆಯುವ ಚೀಟಿಯನ್ನು ಬುದ್ಧಿಯುಳ್ಳ ಯಾವ ಮನುಷ್ಯನು ತಾನಾಗಿ ತೋರಿಸುತ್ತಾನೆ? ನಮ್ಮ ಅಭಿಪ್ರಾಯದಲ್ಲಿ ಯಜಮಾನನಿಗೆ ತಿಳಿಯಬೇಕಾದುದು ‘ಈತನು ಈ ಕೆಲಸಕ್ಕೆ ಸದ್ಯಕ್ಕೆ ತಕ್ಕವನು, ಅಥವಾ ಅಲ್ಲ’ ಎಂಬುದಷ್ಟೇ. ಅಂಕಿಗಳೂ ರೋಗದ ಹೆಸರೂ ದುಡಿಯುವವನಿಗೂ ಅವನ ವೈದ್ಯನಿಗೂ ಸೇರಿದ್ದು. ಆ ಎರಡು ತಿಂಗಳು ಅವನನ್ನು ಕೆಳಗಿನ ಕೆಲಸದಲ್ಲಿಟ್ಟುಕೊಂಡು ಮೊದಲಿನ ಕೂಲಿಯನ್ನೇ ಕೊಡುವ ಮನಸ್ಸು ಯಜಮಾನನಿಗೆ ಇಲ್ಲವಾದರೆ ಮೇಜು ಕುರ್ಚಿ ಹಾಕಿಸಿದ್ದು ಅರ್ಧ ಕೆಲಸವಾಯಿತು. ನಮ್ಮ ಈ ನೆರೆಯವನು ಸರಕಾರದ ಆರೋಗ್ಯ ಕೇಂದ್ರಕ್ಕೆ ಹೋಗಿ ಮತ್ತೆ ಎರಡು ಸಲ ಅಳೆಯಿಸಿಕೊಂಡ. ಒತ್ತಡದ ಮಾತ್ರೆಗಳು ಅಲ್ಲಿ ಹಣವಿಲ್ಲದೆ ದೊರೆಯುತ್ತವೆ. ಈಗ ದಿನವೂ ನುಂಗುತ್ತಿದ್ದಾನೆ. ಇನ್ನೂರು ರೂಪಾಯಿ ಮಾತ್ರ ಆ ಎರಡು ತಿಂಗಳು ಹೋದದ್ದೇ. ಮಗಳ ಫೀಜಿಗೆ ಹೆಂಡತಿಯ ಬಳೆ ಅಡವಾಯಿತು.

ಶಾಸನವು ಈ ವಿಷಯದಲ್ಲಿ ಮೌನವಾಗಿಲ್ಲ. 1984ರ ಭೋಪಾಲದ ದುರಂತದ ತರುವಾಯ, 1948ರ ಕಾರ್ಖಾನೆಗಳ ಕಾಯಿದೆಗೆ 1987ರಲ್ಲಿ ತಿದ್ದುಪಡಿಯಾಗಿ, ಅಪಾಯಕರವಾದ ಕೆಲಸದವರನ್ನು ಸೇರಿಸಿಕೊಳ್ಳುವ ಮುನ್ನವೂ ಆ ಮೇಲೆ ಹನ್ನೆರಡು ತಿಂಗಳೊಳಗೊಮ್ಮೆಯೂ ಪರೀಕ್ಷಿಸಬೇಕೆಂದೂ ಆರೋಗ್ಯದ ದಾಖಲೆಯು ಕೆಲಸಗಾರನಿಗೆ ನೋಡಸಿಗಬೇಕೆಂದೂ ವಿಧಿಸಲ್ಪಟ್ಟಿತು. ಆ ಕಾಯಿದೆಯ ಸ್ಥಾನದಲ್ಲಿ ಬಂದ 2020ರ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಯಾಯಿತು. ನಲವತ್ತು ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಪರೀಕ್ಷೆಯೆಂದು ಕೇಂದ್ರ ಸರಕಾರವು ಆಗ ಸಾರಿತು. ಸಂತೋಷ. ಆದರೆ ಸಂಹಿತೆಯು ಸಾಮಾನ್ಯವಾಗಿ ಹತ್ತು ಜನರೂ ಅದಕ್ಕೆ ಮೇಲ್ಪಟ್ಟೂ ಇರುವ ಸಂಸ್ಥೆಗಳನ್ನು ಕುರಿತದ್ದು. ಮೂವರು ನಾಲ್ವರಿರುವ ನಮ್ಮ ಆಲ್ಕೊಳದ ಗ್ಯಾರೇಜು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅಂಥ ಹತ್ತು ಅಂಗಡಿಗಳವರು ಕೂಡಿ ವರ್ಷಕ್ಕೊಂದು ದಿನ ಗೊತ್ತುಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ.

ಪರೀಕ್ಷೆ ನಡೆಸಿದ ಮಾತ್ರಕ್ಕೆ ಆರೋಗ್ಯ ಬರುವುದೆಂದು ನಂಬತಕ್ಕದ್ದೂ ಅಲ್ಲ. ಅಮೆರಿಕದ ದೊಡ್ಡ ಅಂಗಡಿ ಸಂಸ್ಥೆಯೊಂದರ 160 ಶಾಖೆಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ, ಅಲ್ಲಿಯ ನೌಕರರಿಗೆ ಪರೀಕ್ಷೆ ಉಪದೇಶಗಳ ಏರ್ಪಾಡು ಮಾಡಿ, ಹದಿನೆಂಟು ತಿಂಗಳ ಮೇಲೆ ನೋಡಿದರು. 2019ರಲ್ಲಿ ಫಲವು ಪ್ರಕಟವಾಯಿತು. ವ್ಯಾಯಾಮ ಮಾಡುತ್ತೇವೆಂದು ಹೇಳಿದವರು ಹೆಚ್ಚಾಗಿದ್ದರು. ರಕ್ತದೊತ್ತಡದಲ್ಲಾಗಲಿ, ವೈದ್ಯದ ಖರ್ಚಿನಲ್ಲಾಗಲಿ, ರಜೆಯ ದಿನಗಳಲ್ಲಾಗಲಿ ಗಣನೀಯ ಭೇದ ಕಾಣಲಿಲ್ಲ. ಇದರಲ್ಲಿ ಆಶ್ಚರ್ಯವೇನು? ಕನ್ನಡಿ ನೋಡಿದವನಿಗೆ ಕಸ ಕಾಣುತ್ತದೆ. ಮುಖ ತೊಳೆಯುವುದಕ್ಕೆ ನೀರು ಬೇಕು. ರೋಗವನ್ನು ಹುಡುಕುವ ಮುನ್ನ, ಸಿಕ್ಕರೆ ಅದಕ್ಕೆ ಚಿಕಿತ್ಸೆ ಕೈಗೆಟುಕುವಂತಿರಬೇಕೆಂಬ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್, ಯುಂಗ್ನರ್ ಎಂಬಿಬ್ಬರು 1968ರಲ್ಲಿಯೇ ಬರೆದಿಟ್ಟಿದ್ದಾರೆ.

ಖರ್ಚೇ ಇಲ್ಲದ ಒಂದು ಪರೀಕ್ಷೆಯನ್ನು ಮಾತ್ರ ನಮ್ಮ ಸೀಮೆಯಲ್ಲಿ ಎಲ್ಲಿಯೂ ಬಿಡಬಾರದು. ಅದು ಬಾಯಿಯ ಪರೀಕ್ಷೆ. ಅಡಿಕೆಯಿಂದ ಬದುಕುವ ಊರಿನಲ್ಲಿ ಕುಳಿತು ಇದನ್ನು ಬರೆಯುವುದು ಅಷ್ಟು ಹಿತವಲ್ಲ. ನಮ್ಮ ಮನೆಯ ತಟ್ಟೆಯಲ್ಲಿಯೂ ಅಡಿಕೆಯುಂಟು. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯನ್ನೂ ಕ್ಯಾನ್ಸರುಕಾರಕಗಳ ಮೊದಲನೆಯ ವರ್ಗದಲ್ಲಿಯೇ ಸೇರಿಸಿದೆ. ಗುಟ್ಕಾ ಪೊಟ್ಟಣವನ್ನು ದವಡೆಯಲ್ಲಿಟ್ಟುಕೊಂಡೇ ದಿನ ಕಳೆಯುವ ಚಾಲಕರು, ಮೆಕ್ಯಾನಿಕರು ಎಷ್ಟು ಮಂದಿ! ಒಳ್ಳೆಯ ಬೆಳಕಿನಲ್ಲಿ ಬಾಯಿ ತೆರೆಯಿಸಿ ಕೆನ್ನೆಯ ಒಳಬದಿ, ನಾಲಗೆಯ ಅಂಚು, ಒಸಡುಗಳನ್ನು ನೋಡಲು ಎರಡು ನಿಮಿಷ ಸಾಕು. ಒರಸಿದರೆ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಕ್ಕೂ ಮಾಯದ ಹುಣ್ಣು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿ ಬಾಯೊಳಗೆ ಹೋಗುತ್ತವೆಯೇ ಎಂದು ಮನೆಯಲ್ಲಿಯೇ ನೋಡಬಹುದು. ಎರಡೇ ಹಿಡಿದರೆ, ಖಾರ ತಿಂದಾಗ ಬಾಯಿ ಉರಿದರೆ, ಕೆನ್ನೆಯು ಒಳಗೆ ನಾರುಗಟ್ಟುತ್ತಿರಬಹುದು.

ಅಡಿಕೆಯ ಮಾತು ಬಂದಾಗ ನೆನಪಾಗುವುದು ಅದನ್ನು ಸುಲಿಯುವ ಹೆಂಗಸರು. ಸಾಗರದ ದಾರಿ ಹಿಡಿದು ಮುಂದೆ ಹೋದರೆ ಸುಗ್ಗಿಯ ಕಾಲದಲ್ಲಿ ಅಂಗಳ ಅಂಗಳದಲ್ಲಿಯೂ ಚಪ್ಪರ, ದೀಪ, ಮೆಟ್ಟುಗತ್ತಿಯ ಮುಂದೆ ಕುಳಿತ ಸಾಲು. ಅದೂ ಕೆಲಸದೆಡೆಯೇ. ಆದರೆ ಅಲ್ಲಿಗೆ ಯಾವ ಮೇಜೂ ಬಂದುದನ್ನು ನಾವು ಕಂಡಿಲ್ಲ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯೆಂದು ಕಂಡುಬಂತು. ಬೆರಳ ತುದಿಯ ಒಂದು ತೊಟ್ಟು ರಕ್ತದಲ್ಲಿ ಇದು ತಿಳಿಯುತ್ತದೆ. ಕಬ್ಬಿಣದ ಮಾತ್ರೆ ಅಗ್ಗದ್ದು. ಈ ಮಾತನ್ನು ನಾವು ಪರಿಚಿತರಾದ ಒಬ್ಬ ತೋಟದ ಯಜಮಾನರಲ್ಲಿ ಎತ್ತಿದೆವು. “ಮೇಜನ್ನೇನೋ ನಾನು ಹಾಕಿಸುತ್ತೇನೆ. ಆದರೆ ಅವರಿಗೆ ಕೊಡುವುದು ಸುಲಿದ ಅಳತೆಯ ಮೇಲೆ ಕೂಲಿ. ಅರ್ಧಗಂಟೆ ಎದ್ದು ಬಂದರೆ ಅಷ್ಟು ಅವರಿಗೆ ನಷ್ಟ, ಯಾರೂ ಏಳುವುದಿಲ್ಲ” ಎಂದರು. ಆ ಅರ್ಧಗಂಟೆಯ ಕೂಲಿಯನ್ನು ಹಾಕಿಕೊಟ್ಟರೆ ಏಳುವುದಿಲ್ಲವೆ ಎಂದು ಕೇಳಿದ್ದೇವೆ. ಸುಗ್ಗಿಗೆ ಮುನ್ನ ಲೆಕ್ಕ ಹಾಕಿ ಹೇಳುವುದಾಗಿ ಒಪ್ಪಿದ್ದಾರೆ.