ಕೆರೆಗೆ ಇಳಿದ ವಿಮಾನ

ಬೆಳ್ಳಂದೂರು ಕೆರೆ ಏರಿಯ ಮೇಲೆ ನಿಂತಿದ್ದೀರಿ. ಎರಡನೇ ಮಹಾಯುದ್ಧದ ಕಾಲ. ಕಂದಿಕೆರೆ ಕಡೆಯವರಾದ ನಿಮಗೆ ಏರಿ, ತೂಬು, ಕೋಡಿ ಹೊಸದೇನಲ್ಲ. ನೀರಿನ ಮೇಲೆ ಸಣ್ಣ ಅಲೆ ಎದ್ದಿದೆ. ಪೈಲಟ್‌ಗೆ ಬೇಕಾದದ್ದೂ ಅದೇ. ನೀರು ಅಲುಗದೆ ನಿಂತಿದ್ದರೆ ಮೇಲಿಂದ ಬರುವವನಿಗೆ ಎತ್ತರದ ಅಂದಾಜು ಸಿಗುವುದಿಲ್ಲ.

ಮೊದಲು ಸದ್ದು, ಆಮೇಲೆ ಕ್ಯಾಟಲಿನಾ ವಿಮಾನ. ಕೆಳಗೆ ದೋಣಿಯ ಮೈ, ಅದರ ಮೇಲೆ ಎತ್ತರಕ್ಕೆ ಕೂರಿಸಿದ ಒಂದೇ ಉದ್ದನೆಯ ರೆಕ್ಕೆ. ತುದಿಯಿಂದ ತುದಿಗೆ 104 ಅಡಿ. ಇಳಿಯುವ ಹೊತ್ತಿಗೆ ರೆಕ್ಕೆಯ ಎರಡು ತುದಿಗಳೂ ಕೆಳಕ್ಕೆ ಮಡಚಿಕೊಂಡು ತೇಲುವ ಆಸರೆಗಳಾಗುತ್ತವೆ. ಅಡಿ ತಾಗುತ್ತಲೇ ನೀರು ಎರಡೂ ಬದಿಗೆ ಸೀಳಿ ಚಿಮ್ಮುತ್ತದೆ. ವೇಗ ಇಳಿದು ವಿಮಾನ ದಡದತ್ತ ತಿರುಗುತ್ತದೆ. ಚಕ್ರವಿಲ್ಲದ ಬಗೆಯದಾದರೆ ಆಳುಗಳು ನೀರಿಗಿಳಿದು, ಮೈಗೆ ಗಾಲಿ ಜೋಡಿಸಿ, ಹಗ್ಗ ಕಟ್ಟಿ ಎಳೆಯಬೇಕು. ಕಡಲ ಮೇಲೆ ಜಲಾಂತರ್ಗಾಮಿಗಳನ್ನು ಹುಡುಕುವ ವಿಮಾನ ಕಡಲೇ ಇಲ್ಲದ ಬೆಂಗಳೂರಿಗೆ ರಿಪೇರಿಗೆ ಬಂದಿದೆ!

ರಿಪೇರಿ ಮಾಡುವ ಕಾರ್ಖಾನೆ ಪಕ್ಕದಲ್ಲೇ ಇದೆ. ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದಾಗ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ 700 ಎಕರೆ ಜಮೀನು ಕೊಟ್ಟು ತಾನೂ ಪಾಲುದಾರನಾಯಿತು. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. ಡಾ. ವಿ.ಎಂ. ಘಾಟಗೆ ವಿನ್ಯಾಸ ಮಾಡಿದ ಎಚ್‌ಟಿ-2 1951ರಲ್ಲಿ ಅದೇ ನೆಲದಿಂದ ಮೇಲೇರಿತು.

ಇನ್ನೂ ಹಿಂದಕ್ಕೆ, 1932ರ ಅಕ್ಟೋಬರ್‌ಗೆ ಬನ್ನಿ. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ತಂದ ಟಪ್ಪಾಲನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ಯುತ್ತಿದ್ದಾನೆ. ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನ, ರೇಡಿಯೊ ಇಲ್ಲ. ಕೆಳಗೆ ಕಾಣುವ ರೈಲು ಹಳಿ, ಹೊಳೆ, ಗುಡ್ಡಗಳೇ ದಾರಿ ತೋರಬೇಕು.

ಈಗ ನಮ್ಮ ಸೀಮೆಗೆ. ಕಂದಿಕೆರೆಯಿಂದ ಚಿಕ್ಕನಾಯಕನಹಳ್ಳಿ ದಾಟಿ, ಕೆ.ಬಿ. ಕ್ರಾಸ್‌ನಲ್ಲಿ ತುಮಕೂರಿನ ಕಡೆಗೆ ತಿರುಗಿ. ತೆಂಗಿನ ತೋಟಗಳು ಕಳೆದು ಗುಬ್ಬಿ ತಾಲ್ಲೂಕು ಬರುತ್ತದೆ. ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ, ಅದೇ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಿಂದ ಬೆಳೆದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರುವರಿ 6ರಂದು ಉದ್ಘಾಟನೆ. ಆರಂಭದಲ್ಲಿ ವರ್ಷಕ್ಕೆ 30 ಹೆಲಿಕಾಪ್ಟರ್ ಕಟ್ಟುವ ಯೋಜನೆ. ಚಳ್ಳಕೆರೆಯ ಬಯಲಿಗೆ ಹೊರಳಿದರೆ ಅಲ್ಲೂ ಇದೇ ಕಥೆ: ದನ ಮೇಯುತ್ತಿದ್ದ ಕಾವಲಿನಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ, 2017ರಿಂದ.

ಹಾರಾಟಕ್ಕೆ ಬೇಕಾದದ್ದು ಸಮತಟ್ಟಾದ, ಮರ ಕಡಿಮೆ ಇರುವ ಬಯಲು. ಅಂಥ ನೆಲವನ್ನು ನಮ್ಮಲ್ಲಿ ಕಾದಿಟ್ಟದ್ದು ಕುರಿ-ದನಗಳಿಗೆ. ವಿಮಾನಗಳ ಹೆಸರು, ಪೈಲಟ್‌ಗಳ ಹೆಸರು ಪುಸ್ತಕದಲ್ಲಿ ಉಳಿದಿವೆ. ನೆಲದ ಕಥೆಯನ್ನು ಯಾರೂ ಅಷ್ಟು ಶ್ರದ್ಧೆಯಿಂದ ಬರೆದಿಲ್ಲ. ವಿಮಾನ ಇಳಿಸಿಕೊಂಡ ಬೆಳ್ಳಂದೂರು ಕೆರೆ 2015ರಲ್ಲಿ ಸುದ್ದಿಯಾದದ್ದು ತನ್ನ ನೊರೆಗೆ ಬೆಂಕಿ ಹೊತ್ತಿಕೊಂಡಾಗ. ಇದು ನನಗೆ ನೋವಿನ ಸಂಗತಿ.

ಬಿದರೆಹಳ್ಳ ಕಾವಲಿನ ಆಸುಪಾಸಿನಲ್ಲಿ ನಿಮ್ಮ ನೆಂಟರಿದ್ದರೆ, ಅಲ್ಲಿನ ಅಜ್ಜ-ಅಜ್ಜಿಯರನ್ನು ಮಾತಾಡಿಸಿ. ಯಾವ ಕಟ್ಟೆಯಲ್ಲಿ ದನ ನೀರು ಕುಡಿಯುತ್ತಿದ್ದವು, ಯಾವ ದಾರಿಯಲ್ಲಿ ಹಟ್ಟಿಗೆ ಮರಳುತ್ತಿದ್ದವು ಎಂದು ಕೇಳಿ, ಅವರು ಹೇಳುವಾಗಲೇ ಬರೆದಿಡಿ.